ಒಬ್ಬಳನ್ನೇ ಬಿಟ್ಟು ಹೋಗೋದಾ

ಜೂನ್ 9, 2016. ಗುರುವಾರ, ಮಧ್ಯಾಹ್ನ

ಇವತ್ತೂ ಊಟ ಕಾರಿನಲ್ಲೇ. ಫ್ಯಾಕ್ಟೋರಿಯಾದ ಆಫೀಸ್ ಪಾರ್ಕಿಂಗಿನಲ್ಲಿ, ಕೊನೆಯ ಸಾಲಿನ ಮರದ ಕೆಳಗೆ. ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ, ಸೀಟು ಹಿಂದಕ್ಕೆ. ಎರಡು ತುತ್ತು ಒಳಗೆ ಹೋಗಿರಲಿಲ್ಲ, ಗಾಜಿನ ಮೇಲೆ ಟಕ್ ಟಕ್. ನಮ್ಮ ಟೀಮಿನ ಅಶ್ವತ್ಥ. ಮುಖದ ತುಂಬ ಕನಿಕರ.

"ಏನಾಯ್ತು ಮೇಡಂ? ಒಬ್ರೇ ಕೂತಿದೀರಾ... ಮನೇಲಿ ಎಲ್ಲಾ ಸರಿ ಇದೆ ತಾನೆ?"

ಸರಿ ಇದೆ ಎಂದೆ. ನಂಬಲಿಲ್ಲ. ಬನ್ನಿ, ಎಲ್ಲರ ಜೊತೆ ತಿಂದರೆ ಮನಸ್ಸು ಹಗುರಾಗುತ್ತೆ ಎಂದು ಲಂಚ್ ರೂಮಿಗೆ ಎಳೆದುಕೊಂಡು ಹೋದ. ಪುಣ್ಯಾತ್ಮ. ಈಗ ಮತ್ತೆ ಕಾರಿಗೆ ಬಂದು ಬರೆಯುತ್ತಿದ್ದೇನೆ, ಬೇರೆ ಸಾಲಿನಲ್ಲಿ ನಿಲ್ಲಿಸಿ.

ನಮ್ಮವರಲ್ಲಿ ಹೆಂಗಸೊಬ್ಬಳು ಒಂಟಿಯಾಗಿ ಕೂತಿದ್ದಾಳೆ ಎಂದರೆ ಎರಡೇ ಅರ್ಥ. ಗಂಡನ ಜೊತೆ ಜಗಳ, ಇಲ್ಲ ಊರಿನಿಂದ ಕೆಟ್ಟ ಸುದ್ದಿ. ಸುಮ್ಮನೆ ಕೂತಿರಬಹುದು ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ಯೋಚಿಸಿ ನೋಡಿದೆ. ಮೈಸೂರಿನ ಮನೆಯಲ್ಲಿ ಅಜ್ಜಿ, ಚಿಕ್ಕಪ್ಪಂದಿರು, ಅವರ ಮಕ್ಕಳು, ಬಂದು ಹೋಗುವ ನೆಂಟರು. ಆಮೇಲೆ ಹಾಸ್ಟೆಲ್. ಆಮೇಲೆ ಬೆಂಗಳೂರಿನ ಪಿಜಿ, ಒಂದೇ ರೂಮಿನಲ್ಲಿ ನಾಲ್ಕು ಮಂಚ. ಆಮೇಲೆ ಮದುವೆ, ನಾಗರಾಜ, ಈ ದೇಶ. ಆಮೇಲೆ ಮಗಳು ನಿಸರ್ಗ. ಈಗ ಮೇ ತಿಂಗಳಿಂದ ಅತ್ತೆ ಚಿಕ್ಕತಾಯಮ್ಮನವರೂ ಮಂಡ್ಯದಿಂದ ಬಂದಿದ್ದಾರೆ, ಅಕ್ಟೋಬರಿನವರೆಗೆ. ನಲವತ್ತು ದಾಟಿದೆ ನನಗೆ. ಒಂದು ಮನೆಯೊಳಗೆ ಒಂದು ಇಡೀ ದಿನ ನಾನೊಬ್ಬಳೇ ಇದ್ದದ್ದು ಇಲ್ಲವೇ ಇಲ್ಲ.

ಒಂದು ದಿನ ಬೇಕು. ಯಾರ ಮೇಲೂ ಕೋಪವಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ರುಕ್ಮಿಣೀ ಎಂದೋ ಅಮ್ಮಾ ಎಂದೋ ಯಾರೂ ಕರೆಯಬಾರದು, ಅಷ್ಟೇ. ಇದನ್ನು ಬಾಯಿಬಿಟ್ಟು ಹೇಳಿದರೆ ನಾಗರಾಜ ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತಾನೆ.

ಉದಯನ ಮೆಸೇಜು ಬಂತು. ನಾಗರಾಜನ ಕಾಲೇಜು ದೋಸ್ತ, ಸಿಟಿಯ ಸೌತ್ ಲೇಕ್ ಯೂನಿಯನ್ ಬಡಾವಣೆಯಲ್ಲಿ ಕೆಲಸ, ಕ್ಯಾಂಪಿಂಗ್ ಎಂದರೆ ಪ್ರಾಣ. ಮುಂದಿನ ಶನಿವಾರ ಲೇಕ್ ಈಸ್ಟನ್ ಸ್ಟೇಟ್ ಪಾರ್ಕ್, ಎರಡೂ ಮನೆಯವರು, ಒಂದು ರಾತ್ರಿ ಟೆಂಟಿನಲ್ಲಿ. ನನಗೆ ಟೆಂಟ್ ಎಂದರೆ ಸೊಂಟನೋವು. ಏನು ನೆಪ ಹೇಳುವುದು ಎಂದು ಯೋಚಿಸುತ್ತಿದ್ದೆ... ಅರೆ. ಅವರೆಲ್ಲ ಹೋದರೆ ಮನೆ ಖಾಲಿ.

ಜೂನ್ 13, ಸೋಮವಾರ

ಹೇಳಿಬಿಟ್ಟೆ. ವೀಕೆಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ರಿಲೀಸ್ ಇದೆ, ನಾನು ಆನ್-ಕಾಲ್, ಕರೆದ ತಕ್ಷಣ ಲ್ಯಾಪ್‌ಟಾಪ್ ಮುಂದೆ ಕೂರಬೇಕು, ಬರಲಾಗುವುದಿಲ್ಲ. ಈರುಳ್ಳಿ ಹೆಚ್ಚುತ್ತಾ ಹೇಳಿದ್ದು ಅನುಕೂಲವಾಯಿತು. ಕಣ್ಣಲ್ಲಿ ನೀರು ನೋಡಿ ನಾಗರಾಜ ಕರಗಿಹೋದ.

"ಪಾಪ, ಯಾವಾಗ್ಲೂ ನಿನ್ನ ತಲೆಗೇ ಕಟ್ತಾರೆ," ಎಂದ.

ನಿಸರ್ಗಳಿಗೆ ಅಂಥ ದುಃಖವೇನೂ ಆಗಲಿಲ್ಲ. "ಕ್ಯಾನ್ ಐ ಹ್ಯಾವ್ ಯುವರ್ ಸ್ಲೀಪಿಂಗ್ ಬ್ಯಾಗ್ ದೆನ್?" ಹತ್ತು ವರ್ಷದ ಮಗಳೆಂದರೆ ಹೀಗಿರಬೇಕು. ಅತ್ತೆ ಬೀನ್ಸಿನ ನಾರು ತೆಗೆಯುತ್ತಾ ಕೂತಿದ್ದರು. ನನ್ನ ಕಡೆ ಒಮ್ಮೆ ನೋಡಿದರು. ಮತ್ತೆ ಬೀನ್ಸಿಗೆ ಕೈ ಹಾಕಿದರು.

ಶನಿವಾರ ಏನು ಮಾಡುವುದು? ಏನೂ ಮಾಡಬಾರದು. ಪಾತ್ರೆಗೇ ಸೌಟು ಹಾಕಿ ನಿಂತುಕೊಂಡು ತಿನ್ನಬೇಕು. ಬಾತ್‌ರೂಮಿನ ಬಾಗಿಲು ಹಾಕದೆ ಸ್ನಾನ ಮಾಡಬೇಕು. ಫೋನು ಸಾಕ್ಸ್ ಡ್ರಾಯರಿನಲ್ಲಿ. ಸೋಫಾದ ಮೇಲೆ ಉದ್ದಕ್ಕೆ ಮಲಗಬೇಕು, ದಿಂಬುಗಳೆಲ್ಲ ನನಗೇ. ಟೀವಿಯೂ ಬೇಡ.

ಖುಷಿ ಮುಖದ ಮೇಲೆ ಕಾಣಿಸದ ಹಾಗೆ ನೋಡಿಕೊಳ್ಳುವುದೇ ಕಷ್ಟವಾಗಿದೆ.

ಜೂನ್ 18, ಶನಿವಾರ. ಬಾತ್‌ರೂಮಿನಿಂದ

ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಕಾರು ತುಂಬಿಸಿದರು. ಅತ್ತೆ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ನಾಗರಾಜನ ಜಾಕೆಟ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತದ್ದೂ ಆಯಿತು. ನಾನು ಬಾಗಿಲಲ್ಲಿ ನಿಂತು ಕೈ ಬೀಸಿದೆ. ಕಾರು ಬೀದಿಯ ತಿರುವಿನವರೆಗೆ ಹೋಯಿತು. ಬ್ರೇಕ್ ಲೈಟು. ರಿವರ್ಸ್ ಬಂತು.

ನಾಗರಾಜ ಒಳಗೆ ಬಂದು ಶೂ ಬಿಚ್ಚಿದ. "ನಿನ್ನ ಒಬ್ಳನ್ನೇ ಬಿಟ್ಟು ಹೋಗೋದಾ? ನನಗೆ ಮನಸ್ಸಾಗ್ತಿಲ್ಲ ಕಣೆ. ಉದಯಂಗೆ ಹೇಳ್ಬಿಟ್ಟೆ, ಕ್ಯಾನ್ಸಲ್."

ನನಗೇನೂ ಬೇಜಾರಿಲ್ಲ, ಹೋಗಿ ಎಂದೆ. ಆಣೆ ಇಟ್ಟು ಹೇಳಿದೆ. ನಾನು ಎಷ್ಟು ಒತ್ತಾಯ ಮಾಡಿದೆನೋ ಅವನ ಕಣ್ಣಿಗೆ ಅಷ್ಟು ತ್ಯಾಗಮಯಿಯಾದೆ. ಒಳ್ಳೆಯ ಗಂಡ ಸಿಕ್ಕಿದ್ದಾನೆ ನನಗೆ, ಅದೇ ತೊಂದರೆ.

ಅಷ್ಟಕ್ಕೇ ಮುಗಿದಿದ್ದರೂ ಸರಿ. ನೀವು ಬರದಿದ್ದರೆ ನಾವು ಹೇಗೆ ಹೋಗುವುದು ಎಂದು ಉದಯನೂ ಅವನ ಹೆಂಡತಿ ಶರ್ವಾಣಿಯೂ ಮಗ ಪೃಥ್ವಿಯೂ ಐಸ್ ತುಂಬಿದ ಊಟದ ಕೂಲರ್ ಸಮೇತ ಇಲ್ಲಿಗೇ ಬಂದಿಳಿದರು. ಲಿವಿಂಗ್ ರೂಮಿನಲ್ಲಿ ಟೆಂಟ್ ಎದ್ದಿದೆ. ಒಲೆಯ ಮೇಲೆ ಮಾರ್ಷ್‌ಮ್ಯಾಲೋ ಮಿಠಾಯಿ ಸುಡುತ್ತಿದ್ದಾರೆ. ಇದೆಲ್ಲ ನನ್ನ ಬೇಜಾರು ಕಳೆಯಲಿ ಎಂದು.

ಹೇಳಿದ ಸುಳ್ಳಿಗೆ ಮರ್ಯಾದೆ ಕೊಡಬೇಕಲ್ಲ, ಬೆಡ್‌ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಅತ್ತೆ ಕಾಫಿ ತಂದಿಟ್ಟರು. ಕಪ್ಪಗಿದ್ದ ಸ್ಕ್ರೀನ್ ನೋಡಿದರು, ನನ್ನನ್ನು ನೋಡಿದರು, ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಯಾರೋ ಬಾಗಿಲು ಬಡಿಯುತ್ತಿದ್ದಾರೆ. "ರುಕ್ಮಿಣಿ, ಹೊಟ್ಟೆ ಸರಿ ಇಲ್ವಾ?"

ಜುಲೈ 17, ಭಾನುವಾರ. ಲೇಕ್ ಈಸ್ಟನ್, ಬೆಳಿಗ್ಗೆ

ಒಂದು ತಿಂಗಳು ಬರೆದಿಲ್ಲ. ಬರೆಯಲು ಜಾಗವೇ ಸಿಗಲಿಲ್ಲ.

ಟೆಂಟ್ ಹಾಕಲು ಯಾರೋ ಹಿಡಿದು ಕ್ಯಾನ್ಸಲ್ ಮಾಡಿದ ಸೈಟು ಉದಯನ ಕಣ್ಣಿಗೆ ಬಿತ್ತು, ಬಂದಿದ್ದೇವೆ. ಈ ಸಲ ನೆಪ ಹೇಳಲಿಲ್ಲ. ನೆಪ ಹೇಳಿದರೆ ಇನ್ನೂ ಹೆಚ್ಚು ಜನ ಮನೆಗೆ ಬರುತ್ತಾರೆ ಎಂದು ಗೊತ್ತಾಗಿದೆ.

ಸೂಜಿ ಎಲೆಯ ಫರ್ ಮರಗಳು, ನಡುವೆ ತಣ್ಣಗೆ ಕೆರೆ, ಅತ್ತ ಹೆದ್ದಾರಿಯ ಲಾರಿಗಳ ಸದ್ದು. ಬೆಳಿಗ್ಗೆ ಶರ್ವಾಣಿ ಗ್ಯಾಸ್ ಸ್ಟೋವ್ ಮೇಲೆ ಕುಕ್ಕರ್ ಇಟ್ಟಳು. ಮೊದಲನೆಯ ವಿಷಲ್ಲಿಗೆ ಪಕ್ಕದ ಸೈಟಿನ ಮುದುಕ ಚಡ್ಡಿಯಲ್ಲೇ ಹೊರಗೆ ಓಡಿಬಂದ. ರೈಲೋ ಕರಡಿಯೋ ಎಂಬ ಗೊಂದಲ. ಎರಡನೆಯ ವಿಷಲ್ಲಿಗೆ ಅವನ ಹೆಂಡತಿ ಬಂದಳು. ಬಿಸಿಬೇಳೆಬಾತ್ ಕೊಟ್ಟೆವು. ತಿಂದರು, ಬೆವರಿದರು, ಇನ್ನೊಂದು ಸ್ವಲ್ಪ ಕೇಳಿದರು.

ಅತ್ತೆಯದೇ ಆಶ್ಚರ್ಯ. ಕಾಡು, ಚಳಿ, ನೆಲದ ಮೇಲೆ ಮಲಗುವುದು, ಅಳುತ್ತಾರೆ ಎಂದುಕೊಂಡಿದ್ದೆ. ಫೋಲ್ಡಿಂಗ್ ಕುರ್ಚಿಯ ಮೇಲೆ ಹೆಡ್‌ಮಿಸ್ಟ್ರೆಸ್ ಥರ ಕೂತು ಎಲ್ಲರಿಗೂ ಕೆಲಸ ಹೇಳುತ್ತಿದ್ದಾರೆ. ಉದಯ ಟೆಂಟಿನ ಹಗ್ಗ ಕಟ್ಟಿದ್ದನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದರು. "ದನ ಕಟ್ಟೋ ಗಂಟಾ ಇದು? ಒಂದ್ ಗಾಳಿಗೆ ಬಿಚ್ಕತದೆ." ನಾಗರಾಜ ಸೌದೆ ತಂದರೆ ಹಸಿ ಎಂದರು. ಮಕ್ಕಳು ಅವರನ್ನು ಬಿಟ್ಟು ಅಲ್ಲಾಡುತ್ತಿಲ್ಲ. ಒಂದು ಗಳಿಗೆಯೂ ಅವರ ಸುತ್ತ ಖಾಲಿ ಇಲ್ಲ. ಅಜ್ಜೀ, ಅವ್ವಾ, ಅಮ್ಮಾ — ದಿನವಿಡೀ ಕೂಗು.

ನಿನ್ನೆ ಮಧ್ಯಾಹ್ನ ತಡೆಯಲಾಗದೆ ಹೋಗಿ ಕಾರಿನೊಳಗೆ ಕೂತೆ. ಲಾಕ್ ಮಾಡಿದೆ. ಕಣ್ಣು ಮುಚ್ಚಿದೆ. ಮೊದಲು ನಿಸರ್ಗ, ಚಾರ್ಜರ್ ಬೇಕು. ಆಮೇಲೆ ಶರ್ವಾಣಿ, ತಲೆನೋವಾ, ಮಾತ್ರೆ ಬೇಕಾ. ಆಮೇಲೆ ಉದಯ, ಎಸಿ ಹಾಕ್ಕೊಳಿ. ಕೊನೆಗೆ ನಾಗರಾಜ ಪಕ್ಕದ ಸೀಟಿನಲ್ಲಿ ಬಂದು ಕೂತು, ಕೈ ಹಿಡಿದು, "ಏನೂ ಮಾತಾಡ್ಬೇಡ, ನಾನು ಸುಮ್ನೆ ನಿನ್ನ ಜೊತೆ ಇರ್ತೀನಿ," ಎಂದ. ನಗುವುದೋ ಅಳುವುದೋ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಆಗಸ್ಟ್ 7, ಭಾನುವಾರ

ಸಿಕ್ಕಿತು. ನೆಪ ಸಿಕ್ಕಿಯೇಬಿಟ್ಟಿತು.

ಸೆಪ್ಟೆಂಬರಿನ ಮೂರು ದಿನದ ಲೇಬರ್ ಡೇ ವೀಕೆಂಡಿಗೆ ಲೇಕ್ ವೆನಾಚಿ ಸ್ಟೇಟ್ ಪಾರ್ಕಿನಲ್ಲಿ ಸೈಟು ಸಿಗುವುದೆಂದರೆ ಸುಮ್ಮನೆ ಅಲ್ಲ. ಉದಯ ಡಿಸೆಂಬರಿನಲ್ಲೇ, ಬುಕಿಂಗ್ ತೆರೆದ ಬೆಳಿಗ್ಗೆಯೇ ಕೂತು ಹಿಡಿದಿದ್ದ. ಶನಿವಾರ, ಭಾನುವಾರ, ಸೋಮವಾರ. ಹವಾಮಾನ ನೋಡಿದ್ದ, ಚಂದ್ರ ನೋಡಿದ್ದ, ಬಾತ್‌ರೂಮಿಗೆ ಎಷ್ಟು ದೂರ ಎಂದು ನೋಡಿದ್ದ. ಪಂಚಾಂಗ ನೋಡಿರಲಿಲ್ಲ. ಇವತ್ತು ದೇವಸ್ಥಾನದ ಕ್ಯಾಲೆಂಡರ್ ತಿರುವಿಹಾಕುತ್ತಿದ್ದೆ. ಸೆಪ್ಟೆಂಬರ್ ನಾಲ್ಕು ಗೌರಿ, ಐದು ಗಣೇಶ.

ಗೌರಿ ಹಬ್ಬದ ದಿನ ಮನೆಯಲ್ಲಿ ದೀಪ ಹಚ್ಚದೆ ಕಾಡಿಗೆ ಹೋಗುವುದುಂಟೇ. ಒಬ್ಬರು ಉಳಿಯಲೇಬೇಕು. ಸೈಟಿನ ದುಡ್ಡು ಕಟ್ಟಿದೆ, ಮಕ್ಕಳು ಆಸೆ ಇಟ್ಟುಕೊಂಡಿದ್ದಾರೆ. ನೀವೆಲ್ಲ ಹೋಗಿಬನ್ನಿ, ಗೌರಿಯನ್ನು ನಾನು ನೋಡಿಕೊಳ್ಳುತ್ತೇನೆ. ಇಂಥ ನೆಪಕ್ಕೆ ಯಾರು ಎದುರಾಡುತ್ತಾರೆ? ಗೌರಿ ಬಂದರೂ ಅವಳು ಮಾತಾಡುವುದಿಲ್ಲ. ನಾನೂ ಅವಳೂ ಸುಮ್ಮನೆ ಕೂತಿರಬಹುದು.

ಅದೇ ದಿನ, ಸಂಜೆ

ಊಟದ ಟೇಬಲ್ಲಿನಲ್ಲಿ ಹೇಳಿದೆ. ನಾಗರಾಜ ಒಪ್ಪುವ ಹಾಗೆ ತಲೆಯಾಡಿಸಿದ. ನಾನು ಅವನ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದೆ.

ಅತ್ತೆ ಅನ್ನಕ್ಕೆ ಸಾರು ಕಲೆಸುತ್ತಾ ಹೇಳಿದರು. "ಗೌರವ್ವ ಮನೇಲೇ ಕೂರ್ಬೇಕು ಅಂತ ಯಾರವ್ವ ಯೋಳ್ದೋರು? ನಮ್ಮೂರಲ್ಲಿ ಕೆರೆ ತಾವ ಓಗಿ, ಮಳ್ಳು ತಂದು ಗೌರಿ ಮಾಡ್ತಿದ್ದಿದ್ದು. ಇಲ್ಲಿ ಡಬ್ಬೀಲಿ ಮಡಗಿರೋ ಗೌರಿನ ತೆಗ್ದು ಕೂರುಸ್ತೀರಿ. ಅಲ್ಲಿ ಕೆರೇನೇ ಅದೆ ಅಂತೀರಲ್ಲ. ಅಲ್ಲೇ ಮಾಡಾನ."

ಮುಗಿಯಿತು. ನಿಸರ್ಗ "ಸ್ಯಾಂಡ್ ಗೌರಿ?" ಎಂದು ಕುಣಿದಳು. ನಾಗರಾಜ ಉದಯನಿಗೆ ಫೋನ್ ಮಾಡಿದ. ಉದಯ ಫೋನಿನಲ್ಲೇ ಲಿಸ್ಟ್ ಶುರು ಮಾಡಿದ. ಮೈಸೂರಿನಲ್ಲಿ ನಮ್ಮದು ಬಣ್ಣದ ಮಣ್ಣಿನ ಗೌರಿ, ಅಂಗಡಿಯಿಂದ ತರುವುದು. ಮಂಡ್ಯದಲ್ಲಿ ಮರಳಿನದು ಎಂದು ನನಗೆ ಯಾರು ಹೇಳಬೇಕಿತ್ತು?

ಅತ್ತೆಯ ಮೇಲೆ ನಿಜವಾಗಿ ಸಿಟ್ಟು ಬಂದಿದೆ. ಅವರಿಗೆ ಗೊತ್ತಿಲ್ಲ ಪಾಪ. ಆದರೂ ಬಂದಿದೆ.

ಸೆಪ್ಟೆಂಬರ್ 3, ಶನಿವಾರ. ಲೇಕ್ ವೆನಾಚಿ

ಸ್ಟೀವನ್ಸ್ ಪಾಸ್ ಘಾಟಿ ಹತ್ತಿ ಇಳಿದು, ಹಣ್ಣಿನಂಗಡಿಯಲ್ಲಿ ಒಂದು ಸಲ ನಿಂತು ಬಂದೆವು. ಬಾಗಿನದ ಮೊರ ಡಿಕ್ಕಿಯಲ್ಲಿ, ಅದರ ಮೇಲೆ ಮಲಗುವ ಚೀಲಗಳು. ಕಡುಬಿನ ಹಿಟ್ಟು ಕೂಲರಿನಲ್ಲಿ. ಬಳೆ, ಅರಿಶಿನ, ಕುಂಕುಮ ನನ್ನ ಹ್ಯಾಂಡ್‌ಬ್ಯಾಗಿನಲ್ಲಿ, ಕರಡಿ ಓಡಿಸುವ ಸ್ಪ್ರೇ ಜೊತೆ.

ಇದು ಬೇರೆಯದೇ ಕೆರೆ. ಒಳ್ಳೆಯ ಉದ್ದ, ಆಚೆ ತುದಿಯಲ್ಲಿ ಬೆಟ್ಟಗಳು ನೀರಿಗೇ ಇಳಿದಿವೆ. ಹೆದ್ದಾರಿಯ ಸದ್ದಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಅತ್ತೆ ಕಾರಿನಿಂದ ಇಳಿದು ದಡದವರೆಗೆ ಹೋದರು. ನಿಂತರು. ಅವರ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಶರ್ವಾಣಿ ಫೋಟೋ ತೆಗೆಯಲು. ಅತ್ತೆ ತಿರುಗಿ ಬಂದರು.

ಸೊಂಟ ಈಗಲೇ ಹಿಡಿದಿದೆ.

ಸೆಪ್ಟೆಂಬರ್ 4, ಭಾನುವಾರ. ಗೌರಿ ಹಬ್ಬ. ಬೆಳಿಗ್ಗೆ

ಗೌರಿ ಚೆನ್ನಾಗಿ ಬಂದಳು. ಒಪ್ಪಿಕೊಳ್ಳಲೇಬೇಕು.

ದಡದ ಮರಳು ತಂದು ಅತ್ತೆ ಕೈಯಲ್ಲೇ ಮಾಡಿದರು, ಗೋಪುರದ ಹಾಗೆ, ಅರಿಶಿನದ ಮುಖ, ಕುಂಕುಮ, ತಲೆಯ ಮೇಲೆ ನಿಸರ್ಗ ಸಿಕ್ಕಿಸಿದ ಫರ್ ಮರದ ಕುಡಿ. ಬೆಂಕಿ ಕಬ್ಬಿಣದ ರಿಂಗ್ ಒಳಗೆ ಮಾತ್ರ ಎಂದು ಬೋರ್ಡಿದೆ. ಹಾಗಾಗಿ ದೀಪ ರಿಂಗ್ ಒಳಗೆ, ಗೌರಿ ರಿಂಗ್ ಪಕ್ಕ. ಆರತಿ ಎತ್ತುವಾಗ ಎಲ್ಲರೂ ಬೂದಿಯ ಸುತ್ತ ಬಗ್ಗಿ ನಿಂತಿದ್ದೆವು.

ಪಾರ್ಕ್ ಕಾಯುವ ರೇಂಜರ್ ಹೆಂಗಸು ಬಂದಳು. ನಾಗರಾಜನ ಮುಖ ಬಿಳಿಚಿತು. ನಿಸರ್ಗಳೇ ಮುಂದೆ ಹೋಗಿ ವಿವರಿಸಿದಳು. "ಶೀ ಈಸ್ ಅ ಗಾಡೆಸ್. ಶೀ ಕಮ್ಸ್ ಟು ಹರ್ ಮಾಮ್ಸ್ ಹೌಸ್ ಫಾರ್ ಒನ್ ಡೇ. ಟುಮಾರೋ ಹರ್ ಸನ್ ಕಮ್ಸ್ ಟು ಪಿಕ್ ಹರ್ ಅಪ್." ರೇಂಜರ್ ಕೈ ಕಟ್ಟಿಕೊಂಡು ಪೂರ್ತಿ ಕೇಳಿದಳು. ಮರಳು ಮರಳಲ್ಲೇ ಉಳಿಯಬೇಕು, ತಿಂಡಿ ಮಾತ್ರ ಹೊರಗೆ ಬಿಡಬೇಡಿ, ಕರಡಿ ಬರುತ್ತವೆ ಎಂದಳು. ನೈವೇದ್ಯ ತೋರಿಸಿ ಆ ಕ್ಷಣವೇ ಕಾರಿನೊಳಗೆ ಬೀಗ. ಗೌರಿ ಇಷ್ಟು ಬೇಗ ಊಟ ಮುಗಿಸಿದ್ದು ಎಲ್ಲೂ ಇರಲಾರದು.

ಶರ್ವಾಣಿ, ನಾನು ಅತ್ತೆಗೆ ಬಾಗಿನ ಕೊಟ್ಟೆವು. ಈಗ ಎಲ್ಲರೂ ಲೆವನ್‌ವರ್ತ್‌ಗೆ ಹೊರಟಿದ್ದಾರೆ, ಹತ್ತಿರದ ಊರು, ಹೂವಿನ ಕುಂಡಗಳ ಬೀದಿ, ಐಸ್‌ಕ್ರೀಮು. ಕರೆಯುತ್ತಿದ್ದಾರೆ...

ಅದೇ ದಿನ. ಲೆವನ್‌ವರ್ತ್, ಕಾರಿನಲ್ಲಿ

ಪಾರ್ಕಿಂಗ್ ಹುಡುಕಿ ನಾಗರಾಜ ಸುತ್ತು ಹಾಕುತ್ತಿದ್ದಾನೆ. ನನ್ನ ಮನಸ್ಸು ಇಲ್ಲಿಲ್ಲ. ಅಕ್ಷರ ಕುಣಿಯುತ್ತಿದೆ, ಇರಲಿ.

ಎಲ್ಲರೂ ನಮ್ಮ ಏಳು ಸೀಟಿನ ಕಾರು ಹತ್ತಿದ ಮೇಲೂ ಅತ್ತೆ ಹತ್ತಲಿಲ್ಲ. "ನೀವ್ ಓಗ್ಬುಟ್ಟು ಬನ್ನಿ. ನಾ ಇಲ್ಲೇ ಇರ್ತೀನಿ," ಎಂದರು.

"ಒಬ್ಳೇನಾ?" ಎಂದ ನಾಗರಾಜ.

"ಊಂ. ಒಬ್ಳೆ."

"ಅದೆಲ್ಲ ಆಗಲ್ಲ ಕಣವ್ವ. ನಿನ್ನ ಒಬ್ಳನ್ನೇ ಬುಟ್ಟು ಓಗದಾ? ಕರಡಿ ಬಂದ್ರೆ?"

"ಬಂದ್ರೆ ಬರ್ಲಿ. ಕೂತ್ಕ ಅಂತೀನಿ."

ನಾನು ಇಳಿದೆ. ಅವರ ತೋಳು ಹಿಡಿದುಕೊಂಡೆ. ಮೈ ಸರಿ ಇಲ್ವಾ, ನಮ್ಮಿಂದ ಏನಾದ್ರೂ ಬೇಜಾರಾಯ್ತಾ, ಹಾಗಾದ್ರೆ ನಾನೂ ಇರ್ತೀನಿ ನಿಮ್ಮ ಜೊತೆ — ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ನೀನೂ ಓಗವ್ವ," ಎಂದರು ಮೆತ್ತಗೆ. "ಗೌರವ್ವ ಗಂಡನ್ನ ಬುಟ್ಟು ಒಬ್ಳೇ ಬಂದವ್ಳೆ. ನಾನು ಒಂದ್ ಒತ್ತು ಒಬ್ಳೇ ಇದ್ರೆ ಏನಾದ್ದು."

ಮುಖಕ್ಕೆ ಹೊಡೆದ ಹಾಗಾಯಿತು. ನಾನು ಬೇಡವಾದೆನೇ ಎಂದು ಅನ್ನಿಸಿತು. ಆಮೇಲೆ ನನ್ನ ಬಾಯಿಂದ ಹೊರಟದ್ದೇನು ಎಂದು ನನಗೇ ಕೇಳಿಸಿತು. ಅಶ್ವತ್ಥನ ಮಾತು, ಶರ್ವಾಣಿಯ ಮಾತು, ನಾಗರಾಜನ ಮಾತು, ಎಲ್ಲ ನನ್ನ ಬಾಯಲ್ಲಿ. ಅವರ ಕಣ್ಣು ನೋಡಿದೆ. ಬೇಜಾರು ಕಾಣಲಿಲ್ಲ, ಸಿಟ್ಟು ಕಾಣಲಿಲ್ಲ. ಆಸೆ ಇತ್ತು. ಜೂನ್ ತಿಂಗಳಲ್ಲಿ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಾಗ ನನ್ನ ಕಣ್ಣಲ್ಲೂ ಇದೇ ಇದ್ದಿರಬೇಕು.

"ನಡೀರಿ, ಹೋಗೋಣ," ಎಂದೆ ನಾಗರಾಜನಿಗೆ. ಅವನು ನನ್ನನ್ನು ಕಟುಕಿಯನ್ನು ನೋಡುವ ಹಾಗೆ ನೋಡಿದ. ಉದಯ ಸೈಟಿನಲ್ಲೇ ನಿಂತಿದ್ದ ತನ್ನ ವ್ಯಾನಿನ ಕೀ ಅತ್ತೆಯ ಕೈಗೆ ಕೊಟ್ಟು, ಏನಾದರೂ ಬಂದರೆ ಈ ಕೆಂಪು ಬಟನ್ ಒತ್ತಿ, ವ್ಯಾನು ಕಿರುಚಿಕೊಳ್ಳುತ್ತೆ, ಇಡೀ ಕ್ಯಾಂಪ್ ಓಡಿಬರುತ್ತೆ ಎಂದು ಹೇಳಿಕೊಟ್ಟ.

ಅವರ ಆಸೆ ಅರ್ಥವಾಯಿತು ಸರಿ. ಭಯ ಹೋಗಿದೆಯೇ? ಇಲ್ಲ. ಬಾತ್‌ರೂಮಿಗೆ ದಾರಿ ತಪ್ಪಿದರೆ. ಜಾರಿದರೆ. ನಾಗರಾಜ ಎರಡು ಸಲ ಖಾಲಿ ಜಾಗ ದಾಟಿಕೊಂಡೇ ಹೋದ. ನಿಸರ್ಗ ಮಾತ್ರ ಎಷ್ಟು ಸ್ಕೂಪ್ ಎಂದು ಕೇಳುತ್ತಿದ್ದಾಳೆ.

ಸಂಜೆ. ಕ್ಯಾಂಪಿನಲ್ಲಿ

ವಾಪಸ್ಸು ಬಂದಾಗ ಸೈಟಿನಲ್ಲಿ ಅತ್ತೆ ಇರಲಿಲ್ಲ.

ಕುರ್ಚಿ ಖಾಲಿ. ಟೆಂಟ್ ಖಾಲಿ. ಗೌರಿ ಒಬ್ಬಳೇ ಕೂತಿದ್ದಳು. ನಾಗರಾಜ ಬಾತ್‌ರೂಮಿನ ಕಡೆ ಓಡಿದ, ಉದಯ ರಸ್ತೆಯ ಕಡೆ. ಹೋಗೋಣ ಎಂದವಳು ನಾನು. ದಡದ ದಾರಿಯಲ್ಲಿ ಓಡಿದೆ, ಬೇರು ಎಡವಿದೆ, ಮರಗಳ ಸಂದಿಯಿಂದ ಕಂಡರು.

ನೀರಂಚಿನಲ್ಲಿ ಬಿದ್ದ ದಿಮ್ಮಿಯ ಮೇಲೆ ಕೂತಿದ್ದರು. ಸೀರೆ ಮೊಣಕಾಲಿನವರೆಗೆ, ಕಾಲು ನೀರಿನಲ್ಲಿ. ಆ ನೀರು ಐಸ್. ಜಾಕೆಟ್ ಇಲ್ಲ, ಶಾಲಿಲ್ಲ. ಏನೂ ಮಾಡುತ್ತಿರಲಿಲ್ಲ. ಕಾಲು ಒಮ್ಮೆ ಆಡಿಸಿದರು, ಅಷ್ಟೇ.

ನನ್ನ ಬಾಯಿ ತೆರೆದಿತ್ತು, ಅತ್ತೇ ಎನ್ನಲಿಕ್ಕೆ. ಮುಚ್ಚಿಕೊಂಡೆ. ನಾಗರಾಜ ಏದುಸಿರು ಬಿಡುತ್ತಾ ಬಂದ, ಅವ್ವಾ ಎನ್ನುವಷ್ಟರಲ್ಲಿ ಅವನ ತೋಳು ಹಿಡಿದೆ. ಅವನು ನನ್ನ ಮುಖ ನೋಡಿದ. ಆಮೇಲೆ ಅವರ ಬೆನ್ನು ನೋಡಿದ. ಸುಮ್ಮನಾದ. ಉದಯ, ಶರ್ವಾಣಿ, ಮಕ್ಕಳು, ಒಬ್ಬೊಬ್ಬರಾಗಿ ಬಂದು ಮರದ ಹಿಂದೆ ನಿಂತರು, ಕಳ್ಳರ ಹಾಗೆ. ಅಜ್ಜಿಗೆಂದು ತಂದ ಐಸ್‌ಕ್ರೀಮು ಪೃಥ್ವಿಯ ಕೈ ಮೇಲೆ ಇಳಿಯುತ್ತಿತ್ತು.

"ಈಸ್ ಶೀ ಪ್ರೇಯಿಂಗ್?" ಎಂದು ಪಿಸುಗುಟ್ಟಿದಳು ನಿಸರ್ಗ.

"ಇಲ್ಲ," ಎಂದ ನಾಗರಾಜ. "ಸುಮ್ನೆ ಕೂತಿದಾಳೆ."

ಅವನ ಬಾಯಿಂದ ಆ ಮಾತು ಮೊದಲ ಸಲ ಕೇಳಿದೆ.

ಅವರಾಗಿಯೇ ಏಳುವವರೆಗೆ ಕಾದೆವು. ಎದ್ದು, ಕಾಲು ಒರೆಸಿಕೊಂಡು, ತಿರುಗಿ ನಮ್ಮೆಲ್ಲರನ್ನೂ ನೋಡಿ ನಕ್ಕರು. ವ್ಯಾನಿನ ಕೀ ಎಲ್ಲಿ ಎಂದು ಉದಯ ಕೇಳಿದ. ಖಾಲಿ ಊಟದ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಿಟ್ಟಿದ್ದರಂತೆ. "ಮಡ್ಲಲ್ಲಿ ಇಟ್ಕಂಡ್ರೆ ಒತ್ತುತಿತ್ತು ಕಣಪ್ಪ."

ಪಾತ್ರೆ ತೊಳೆಯುವಾಗ ನಾವಿಬ್ಬರೇ ಇದ್ದೆವು. ನಾನು ಉಜ್ಜುವುದು, ಅವರು ತೊಳೆಯುವುದು.

"ಜೂನಲ್ಲಿ ಆಪೀಸ್ ಕೆಲ್ಸ ಅಂದ್ಯ," ಎಂದರು. "ಇರ್ನಿಲ್ಲ ಅಲ್ವಾ."

ನಾನು ಕುಕ್ಕರ್ ಉಜ್ಜಿದೆ.

"ಬಾಯ್ಬುಟ್ಟು ಕೇಳಾದಲ್ವಾ."

"ನೀವು ಕೇಳಿದ್ರಾ ಯಾವತ್ತಾದ್ರೂ?"

"ಇವತ್ತು ಕೇಳುದ್ನಲ್ಲ," ಎಂದರು. ತೊಳೆದ ತಟ್ಟೆ ಪಕ್ಕಕ್ಕಿಟ್ಟರು. "ಎಂಟ್ ಜನ ಓರಗಿತ್ತೀರ ಮನೆಗೆ ಸೊಸೆಯಾಗಿ ಬಂದೋಳು ನಾನು. ಅದೇ ಸರಿ ಅನ್ಕಂಡಿದ್ದೆ. ಬೇಕು ಅಂತ ಗೊತ್ತಾಗಾಕೇ ಇಷ್ಟ್ ವರ್ಸ ಆಯ್ತು, ಕೇಳಾಕೆ ಇನ್ನೊಂದಷ್ಟು. ನಂಗೆ ತಡ ಆಯ್ತು. ನಿಂಗ್ಯಾಕೆ ತಡ?"

ನನಗೆ ಅಳು ಬಂತು. ಈ ಸಲ ಈರುಳ್ಳಿ ಇರಲಿಲ್ಲ.

ಸೆಪ್ಟೆಂಬರ್ 5, ಸೋಮವಾರ. ಗಣೇಶ ಹಬ್ಬ. ಬೆಳಿಗ್ಗೆ, ಸೈಟಿನ ಮೇಜಿನ ಮೇಲೆ

ಕೇಳಿದೆ.

ಗಣೇಶನಿಗೆ ಕಡುಬು ತೋರಿಸಿ, ಗೌರಿಯನ್ನು ಮತ್ತೆ ದಡದ ಮರಳಿಗೆ ಸೇರಿಸಿ ಆಗಿತ್ತು. ಉದಯ ದೋಣಿ ಬಾಡಿಗೆಗೆ ಹಿಡಿದಿದ್ದ, ಎಲ್ಲರೂ ಕೆರೆಯ ನಡುವಿನ ಸಣ್ಣ ದ್ವೀಪದ ಸುತ್ತ ಹೋಗಿಬರುವುದು. ಎಲ್ಲರೂ ಕಡುಬು ತಿನ್ನುತ್ತಿದ್ದರು. ನಾನು ಎದ್ದು ನಿಂತೆ. ಯಾಕೆ ಎದ್ದು ನಿಂತೆನೋ, ಸ್ಕೂಲಿನ ಭಾಷಣದ ಹಾಗೆ.

"ನಾನು ಬರಲ್ಲ. ನನಗೆ ಸ್ವಲ್ಪ ಹೊತ್ತು ಒಬ್ಳೇ ಇರ್ಬೇಕು."

ಉದಯ ನಾಗರಾಜನ ಕಡೆ ನೋಡಿದ. "ಏನಾದ್ರೂ ಜಗಳ ಆಯ್ತೇನೋ?"

"ಇಲ್ವಲ್ಲೋ," ಎಂದ ನಾಗರಾಜ. ನನ್ನ ಕಡೆ ತಿರುಗಿದ. "ಊರಿಂದ ಏನಾದ್ರೂ ಫೋನ್..."

"ಇಲ್ಲಿ ಸಿಗ್ನಲ್ಲೇ ಇಲ್ಲ."

"ಮತ್ತೆ ನಾವೇನ್ ಮಾಡಿದ್ವಿ?"

"ಏನೂ ಮಾಡಿಲ್ಲ. ನೀವೆಲ್ಲ ಅಂದ್ರೆ ನನಗೆ ಇಷ್ಟ. ಆದ್ರೂ ಬೇಕು." ಕೈಯಲ್ಲಿದ್ದ ಕಡುಬು ತಟ್ಟೆಗಿಟ್ಟೆ. "ತುಂಬಾ ದಿನದಿಂದ ಬೇಕಾಗಿತ್ತು. ಜೂನಲ್ಲಿ ಆನ್-ಕಾಲ್ ಅಂದಿದ್ದು ಸುಳ್ಳು."

ಅವನ ಮುಖ ಸಣ್ಣದಾಯಿತು. ಅದನ್ನು ನೋಡುವುದೇ ಕಷ್ಟ, ಇಷ್ಟು ದಿನ ಹೇಳದಿದ್ದದ್ದೂ ಆ ಮುಖಕ್ಕೇ ಹೆದರಿ. ಹಿಂದಕ್ಕೆ ತೆಗೆದುಕೊಳ್ಳಬೇಕು ಎನ್ನಿಸಿತು. ಬರ್ತೀನಿ ಬಿಡಿ, ತಮಾಷೆಗೆ ಅಂದೆ ಎನ್ನಲು ಒಂದು ಗಳಿಗೆ ಸಾಕಿತ್ತು. ಎನ್ನಲಿಲ್ಲ.

"ಐ ಗೆಟ್ ಇಟ್," ಎಂದಳು ನಿಸರ್ಗ, ಕಡುಬಿನ ಹೂರಣ ನೆಕ್ಕುತ್ತಾ. "ಐ ಲಾಕ್ ಮೈ ಡೋರ್ ಟೂ."

ಅತ್ತೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಡೀಲಾ ನಾಗ. ದೋಣಿ ಕಾಯ್ತಾ ಅದೆ." ಅಷ್ಟೇ. ನನ್ನ ಕಡೆ ನೋಡಲೂ ಇಲ್ಲ.

ಹೋದರು. ನಾಗರಾಜ ಹಿಂದಕ್ಕೆ ಬಂದ, ನನ್ನ ಟೋಪಿ ಕೊಟ್ಟ. ಹೋದ. ಮತ್ತೆ ಬಂದ, ನೀರಿನ ಬಾಟಲು, ಕರಡಿ ಸ್ಪ್ರೇ, ಯಾವುದಕ್ಕೂ ಇರಲಿ ಎಂದು ಒಂದು ಕೊಡೆ. ಆಕಾಶದಲ್ಲಿ ಮೋಡವೇ ಇಲ್ಲ. ಹೋದ. ಮೂರನೆಯ ಸಲ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಮೇಜಿನ ಹತ್ತಿರ ಬರದೆ, ಅಲ್ಲೇ ದೊಡ್ಡ ಮರದ ಬಳಿ ನಿಂತ.

"ವಾಪಸ್ ಬರುವಾಗ," ಎಂದ, "ಕರೆಯಲ್ಲ. ಮರದ ಹತ್ರ ನಿಂತಿರ್ತೀನಿ. ನೀನೇ ನೋಡು."

ಹದಿನೈದು ವರ್ಷದ ಸಂಸಾರದಲ್ಲಿ ಅವನು ಹೇಳಿದ ಅತಿ ಚೆಂದದ ಮಾತು ಅದು. ಹೇಳಿ, ತಿರುಗಿ ನೋಡದೆ ಹೋದ. ತಿರುಗಿ ನೋಡದಿರಲು ಅವನಿಗೆಷ್ಟು ಕಷ್ಟವಾಯಿತೋ ಅವನ ಕುತ್ತಿಗೆ ನೋಡಿದರೆ ಗೊತ್ತಾಗುತ್ತಿತ್ತು.

ಈಗ ಯಾರೂ ಇಲ್ಲ.

ದೋಣಿ ಕಾಣುತ್ತಿದೆ, ದೂರದಲ್ಲಿ. ಯಾರು ಹುಟ್ಟು ಹಾಕುತ್ತಿದ್ದಾರೋ, ಒಂದೇ ಕಡೆ ಸುತ್ತುತ್ತಿದೆ. ಅತ್ತೆಯ ಧ್ವನಿ ನೀರಿನ ಮೇಲೆ ತೇಲಿಕೊಂಡು ಬಂತು, ಯಾರನ್ನೋ ಬೈಯುತ್ತಿದ್ದಾರೆ. ಆಮೇಲೆ ಅದೂ ಇಲ್ಲ. ಪಾತ್ರೆಯಲ್ಲಿ ಉಪ್ಪಿಟ್ಟು ಉಳಿದಿತ್ತು, ನಿಂತುಕೊಂಡು ಪಾತ್ರೆಯಿಂದಲೇ ತಿಂದೆ. ತಣ್ಣಗಿತ್ತು. ಎಷ್ಟು ರುಚಿ. ಒಂದು ಅಳಿಲು ಬಂದು ನೋಡಿ, ಏನೂ ಕೇಳದೆ ಹೋಯಿತು. ಚಪ್ಪಲಿ ಬಿಟ್ಟಿದ್ದೇನೆ. ಕಾಲ ಕೆಳಗೆ ಫರ್ ಎಲೆಗಳು, ಮೆತ್ತಗೆ, ಸ್ವಲ್ಪ ಚುಚ್ಚುತ್ತವೆ. ಖುಷಿಯಾಗಿದೆ. ಬರೆದಿಡುತ್ತೇನೆ, ತುಂಬಾ ಖುಷಿಯಾಗಿದೆ.

ಆದರೆ ಇದೇನು, ಎಲ್ಲರನ್ನೂ ಕಳಿಸಿ ಆಗಿನಿಂದ, ಡೈರಿಯೇ, ನಿನ್ನ ಜೊತೆ ಹರಟೆ ಹೊಡೆಯುತ್ತಾ ಕೂತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಮುಚ್ಚುತ್ತೇನೆ, ನೀನೂ ಸ್ವಲ್ಪ ಹೊತ್ತು ಒಬ್ಬಳೇ...